ಸೆರೆಮನೆಯಿಂದ ಮರಳಿದವನ ಮೂರನೆಯ ವರ್ಷ



ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವಗಳ ಸಂದರ್ಭದಲ್ಲಿ ಸನ್ನಡತೆಯ ಆಧಾರದ ಮೇಲೆ ಬಿಡುಗಡೆಗೊಂಡ ಬಂದಿಗಳ ಭಾವಚಿತ್ರಗಳನ್ನು ಪತ್ರಿಕೆಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಕೈಯಲ್ಲೊಂದು ಬಟ್ಟೆಯ ಗಂಟು, ಒಂದು ಪ್ರಮಾಣಪತ್ರ, ಅಧಿಕಾರಿಗಳ ಹಿತವಚನ, ಕೊನೆಗೆ ಸಿಹಿ ಹಂಚಿಕೆ. ಆ ದಿನದ ಸಂತೋಷ ನಿಜವಾದದ್ದೇ ಸರಿ. ಆದರೆ ಅದೇ ಮನುಷ್ಯನು ಮೂರು ವರ್ಷಗಳ ನಂತರ ಎಲ್ಲಿದ್ದಾನೆ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ತನ್ನ ಹೊಲದಲ್ಲಿ ಹರಗುತ್ತಿದ್ದಾನೆಯೋ, ಗೋವೆಯ ಕಟ್ಟಡ ಕೆಲಸಕ್ಕೆ ಹೋದನೋ, ಅಥವಾ ಮತ್ತೆ ಸೆರೆಮನೆಯ ಬಾಗಿಲಿಗೇ ಮರಳಿದನೋ?

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಸದ್ಭಕ್ತ ಮನೆತನಗಳಿಗೆ ಈ ಪ್ರಶ್ನೆ ದೂರದ್ದೆಂದು ತೋರಬಹುದು. ಹಾಗೇನೂ ಇಲ್ಲ. ಹೊಲದ ಬದುವಿನ ತಂಟೆ, ಕುಡಿತದ ಅಮಲಿನ ಹೊಡೆದಾಟ, ಅಣ್ಣತಮ್ಮಂದಿರ ಪಾಲಿನ ಜಗಳ ಇವುಗಳಿಂದ ಸೆರೆ ಕಂಡವರು ಯಾವ ಊರಿನಲ್ಲಿಲ್ಲ? ಅವರ ತಾಯಂದಿರು, ಮಡದಿಯರು, ಮದುವೆಗೆ ಬಂದ ತಂಗಿಯರು ನಮ್ಮ ಓಣಿಗಳಲ್ಲಿಯೇ ಇದ್ದಾರೆ. ಇಂದು ಅನೇಕ ಸಂಘಸಂಸ್ಥೆಗಳೂ ಶ್ರೀಮಠಗಳೂ ಬಂದಿಗಳ ಮನಪರಿವರ್ತನೆಗಾಗಿ ಪ್ರವಚನ, ಯೋಗ, ಕಸುಬಿನ ತರಬೇತಿ ಮುಂತಾದ ಕಾರ್ಯಗಳಿಗೆ ಭಕ್ತರ ಕಾಣಿಕೆಯನ್ನು ವಿನಿಯೋಗಿಸುತ್ತಿವೆ. ಇಂಥ ಕಾರ್ಯಗಳಿಂದ ಅಪರಾಧ ನಿಜವಾಗಿಯೂ ಮರುಕಳಿಸದೆ ನಿಲ್ಲುತ್ತದೆಯೇ, ನಿಲ್ಲುವುದಾದರೆ ಯಾವುದರಿಂದ ನಿಲ್ಲುತ್ತದೆ, ಅದನ್ನು ತಿಳಿಯುವ ಬಗೆ ಯಾವುದು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಶರಣರ ದೃಷ್ಟಿ

ಅಪರಾಧಿಯನ್ನು ಕುರಿತು ನಮ್ಮ ಪರಂಪರೆಯ ನಿಲುವು ಸ್ಪಷ್ಟವಾದದ್ದು. ಬಸವಣ್ಣನವರು ಹೇಳಿದ ಆಚಾರದ ಸೂತ್ರಗಳಲ್ಲಿ ಮೊದಲನೆಯದೇ ಕಳವಿನ ನಿಷೇಧ. ಆದರೂ ಕಳವು ಮಾಡಿದವನಿಗೆ ಶರಣರು ಬಾಗಿಲು ಮುಚ್ಚಲಿಲ್ಲ. ಕನ್ನ ಹಾಕುವ ವೃತ್ತಿಯ ಗುರುತನ್ನು ಹೆಸರಿನಲ್ಲಿಯೇ ಹೊತ್ತ ಕನ್ನದ ಮಾರಿತಂದೆಯವರು ವಚನಕಾರರ ಸಾಲಿನಲ್ಲಿ ಗೌರವದ ಸ್ಥಾನ ಪಡೆದಿದ್ದಾರೆ. ಉರಿಲಿಂಗಪೆದ್ದಿಗಳು ಪೂರ್ವಾಶ್ರಮದಲ್ಲಿ ಕಳ್ಳನಾಗಿದ್ದರು; ಒಂದು ಮನೆಗೆ ಕಳವಿಗೆಂದು ಹೋದಾಗ ಅಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿದ್ದುದನ್ನು ಕಂಡು ಮನಸ್ಸು ತಿರುಗಿತು; ಮುಂದೆ ಸೌದೆ ಮಾರಿ ಬದುಕುತ್ತ ದಿನವೂ ಗುರುಗಳಿಗೆ ಸೌದೆಯ ಹೊರೆ ಹೊತ್ತು ತಂದರು; ಕಡೆಗೆ ಆ ಗುರುವಿನ ಉತ್ತರಾಧಿಕಾರಿಯೇ ಆದರು ಎಂದು ಪರಂಪರೆ ಹೇಳುತ್ತದೆ.

ಈ ಕಥನದಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ದೀಕ್ಷೆಯ ದರ್ಶನದಿಂದ ಅರಿವು ಮೂಡಿತು. ಸೌದೆಯ ಹೊರೆಯಿಂದ ಕಾಯಕ ದೊರೆಯಿತು. ಗುರುವಿನ ಸ್ವೀಕಾರದಿಂದ ಸಮಾಜದಲ್ಲಿ ನೆಲೆ ಸಿಕ್ಕಿತು. ಇವುಗಳಲ್ಲಿ ಯಾವ ಒಂದು ತಪ್ಪಿದ್ದರೂ ಪೆದ್ದಣ್ಣನು ಉರಿಲಿಂಗಪೆದ್ದಿಯಾಗುತ್ತಿದ್ದನೆಂದು ಹೇಳಲಾಗದು. ಈ ಮೂರು ಅಂಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ನಮ್ಮ ನೆರೆಯಲ್ಲಿಯೇ ನಡೆದ ಪ್ರಯೋಗ

ಅಪರಾಧ ತಡೆಯುವ ಯೋಜನೆ ನಮ್ಮ ಸೀಮೆಗೆ ಹೊಸದಲ್ಲ. ಗದಗ-ಬೆಟಗೇರಿಯಲ್ಲಿಯೂ ಹುಬ್ಬಳ್ಳಿಯಲ್ಲಿಯೂ ‘ಸೆಟ್ಲಮೆಂಟ್’ ಎಂದು ಜನ ಇಂದಿಗೂ ಕರೆಯುವ ಬಡಾವಣೆಗಳಿವೆ. ಬಾಜಾರಕ್ಕೆಂದು ಗದಗಕ್ಕೆ ಹೋಗುವ ರೋಣದವರೂ ನರಗುಂದದವರೂ ಆ ಹೆಸರನ್ನು ಕೇಳಿಯೇ ಇರುತ್ತಾರೆ. ಅದರ ಹಿಂದಿನ ಇತಿಹಾಸ ಬಲ್ಲವರು ವಿರಳ. 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. 1911ರ ತಿದ್ದುಪಡಿಯಿಂದ ಅದು ಇಡೀ ದೇಶಕ್ಕೆ ವ್ಯಾಪಿಸಿತು. ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗೊತ್ತುಪಡಿಸಿ, ವಸಾಹತುಗಳಲ್ಲಿರಿಸಿ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದು, ಪರವಾನಗಿಯಿಲ್ಲದೆ ಹೊರಗೆ ಹೋಗದಂತೆ ಕಟ್ಟುಹಾಕಿದರು. ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಲೂ ಆ ಕಾಯ್ದೆಯಲ್ಲಿ ಅವಕಾಶವಿತ್ತು.

ಮುಂಬಯಿ ಪ್ರಾಂತದಲ್ಲಿ ಈ ವಸಾಹತುಗಳ ಹೊಣೆ ಹೊತ್ತಿದ್ದವರು ಒ. ಎಚ್. ಬಿ. ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ. ಅವರು ಕ್ರೂರಿಯಾಗಿದ್ದರೆಂದು ಹೇಳುವಂತಿಲ್ಲ. ದಲಿತರ ಹಾಗೂ ಬುಡಕಟ್ಟು ಜನರ ಸ್ಥಿತಿಗತಿಯ ವಿಚಾರಣೆಗಾಗಿ 1928ರಲ್ಲಿ ನೇಮಕವಾದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು, ಡಾ. ಅಂಬೇಡ್ಕರರು ಅದರ ಸದಸ್ಯರಾಗಿದ್ದರು. ವಸಾಹತುಗಳಲ್ಲಿ ಶಾಲೆ ತೆರೆದರು. ಹುಬ್ಬಳ್ಳಿ, ಸೊಲ್ಲಾಪುರಗಳ ಹತ್ತಿಗಿರಣಿಗಳಲ್ಲಿ ಜನರಿಗೆ ಕೆಲಸ ಸಿಕ್ಕಿತು. ದುಡಿಮೆಯಿಂದ ಮನುಷ್ಯ ಸುಧಾರಿಸುತ್ತಾನೆ ಎಂಬ ನಂಬಿಕೆ ಈ ಎಲ್ಲ ಕಾರ್ಯದ ಹಿಂದಿತ್ತು.

ಹಾಗಾದರೆ ಆ ಯೋಜನೆ ಅಪರಾಧವನ್ನು ತಗ್ಗಿಸಿತೇ? ಇದನ್ನು ನಿರ್ಣಯಿಸಲು ಹೊರಟರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಹಾಜರಿ ತಪ್ಪಿಸುವುದು, ಪರವಾನಗಿಯಿಲ್ಲದೆ ನೆಂಟರ ಊರಿಗೆ ಹೋಗುವುದು ಇವೇ ಆ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧಗಳಾಗಿದ್ದವು. ಬೇರೆಯವರು ಮಾಡಿದರೆ ಸಹಜವೆನಿಸುವ ಕಾರ್ಯವನ್ನು ಇವರು ಮಾಡಿದರೆ ಸಜೆ! ಹೀಗೆ ಕಾಯ್ದೆ ತಾನೇ ಅಪರಾಧವನ್ನು ಸೃಷ್ಟಿಸಿ, ತಾನೇ ಎಣಿಸಿ, ಇವರು ಅಪರಾಧಿಗಳೆಂದು ತಾನೇ ಸಾರುತ್ತಿತ್ತು. ಅನಂತಶಯನಂ ಅಯ್ಯಂಗಾರ್ ಅವರ ಅಧ್ಯಕ್ಷತೆಯ ಸಮಿತಿಯ ವಿಚಾರಣೆಯಾದ ಮೇಲೆ, 1952ರ ಆಗಸ್ಟ್ 31ರಂದು ಆ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಕಾಯ್ದೆ ಹೋದರೂ ಕಲೆ ಉಳಿಯಿತು. 2024ರ ಅಕ್ಟೋಬರ 3ರಂದು ಸರ್ವೋಚ್ಚ ನ್ಯಾಯಾಲಯವು ಸುಕನ್ಯಾ ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟು, ಸೆರೆಮನೆಯ ದಾಖಲೆಗಳಿಂದ ಜಾತಿಯ ಕಾಲಮನ್ನೂ, ಈ ಸಮುದಾಯಗಳನ್ನು ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳನ್ನೂ ತೆಗೆಯುವಂತೆ ಆದೇಶಿಸಬೇಕಾಯಿತು. ಎಣಿಕೆ ಮಾಡುವವನ ಕಣ್ಣು ಶುದ್ಧವಾಗಿರದಿದ್ದರೆ ಲೆಕ್ಕ ಎಷ್ಟು ತಪ್ಪುತ್ತದೆ ಎಂಬುದಕ್ಕೆ ಬೆಟಗೇರಿಯ ಸೆಟ್ಲಮೆಂಟಿಗಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಲೆಕ್ಕ ತಪ್ಪುವ ಬಗೆಗಳು

ರೋಣದ ಎರೆಭೂಮಿಯ ರೈತನಿಗೆ ಈ ವಿಷಯವನ್ನು ತಿಳಿಸಿ ಹೇಳಬೇಕಾಗಿಲ್ಲ. ಅಣ್ಣಿಗೇರಿ-1 ಕಡಲೆಯನ್ನು ಬಿತ್ತುತ್ತ ಬಂದವನು ಜೆ.ಜಿ.-11 ಎಂಬ ಹೊಸ ತಳಿ ಬಂದಾಗ ಏನು ಮಾಡಿದ? ಹೊಲವನ್ನೆಲ್ಲ ಒಮ್ಮೆಲೇ ಹೊಸ ಬೀಜಕ್ಕೆ ಬಿಟ್ಟವನಿಗೆ ಆ ವರ್ಷ ಫಸಲು ಚೆನ್ನಾಗಿ ಬಂದರೆ ಅದು ಬೀಜದ ಗುಣವೋ, ಹಿಂಗಾರಿ ಮಳೆಯ ಗುಣವೋ ತಿಳಿಯಲಿಲ್ಲ. ಒಂದೇ ಹೊಲದಲ್ಲಿ ಪಕ್ಕಪಕ್ಕಕ್ಕೆ ನಾಲ್ಕು ಸಾಲು ಹಳೆಯದು, ನಾಲ್ಕು ಸಾಲು ಹೊಸದು ಬಿತ್ತಿದವನಿಗೆ ಮಾತ್ರ ಸತ್ಯ ತಿಳಿಯಿತು. ಬಂದಿಗಳ ಸುಧಾರಣೆಯಲ್ಲಿಯೂ ಮಾತು ಇಷ್ಟೇ. ಇಪ್ಪತ್ತು ಜನರಿಗೆ ತರಬೇತಿ ಕೊಟ್ಟೆವು, ಹದಿನೆಂಟು ಜನ ಮತ್ತೆ ತಪ್ಪು ಮಾಡಲಿಲ್ಲ ಎಂದು ಸಂಸ್ಥೆ ಹೇಳಿದರೆ ಸಂತೋಷವೇ. ಆದರೆ ತರಬೇತಿಯಿಲ್ಲದೆ ಬಿಡುಗಡೆಗೊಂಡ ಅಂಥವರೇ ಇಪ್ಪತ್ತು ಜನರಲ್ಲಿಯೂ ಹದಿನೆಂಟು ಜನ ನೆಟ್ಟಗೆ ಬದುಕಿದ್ದರೆ, ತರಬೇತಿಯಿಂದಾದ ಲಾಭವೇನು? ಹಳೆಯ ಬೀಜದ ಸಾಲನ್ನು ನೋಡದೆ ಹೊಸ ಬೀಜವನ್ನು ಹೊಗಳಬಾರದು.

ಇಲ್ಲಿ ಮೊದಲನೆಯ ತೊಡಕೆಂದರೆ ಆಯ್ಕೆ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯಿದೆ. ಇದಕ್ಕೂ ಹಿಂದೆ, 1939ರ ಸುಮಾರಿಗೆ, ಔಂಧ ಸಂಸ್ಥಾನದ ರಾಜರ ಆಶ್ರಯದಲ್ಲಿ ಮೋರಿಸ್ ಫ್ರಿಡ್‌ಮನ್ ಎಂಬವರು ಆಟಪಾಡಿಯ ಹತ್ತಿರ ಸ್ವತಂತ್ರಪುರವೆಂಬ ಗೋಡೆಯಿಲ್ಲದ ಸೆರೆಮನೆಯ ಪ್ರಯೋಗ ನಡೆಸಿದ್ದರು. ನಮ್ಮ ವಿಜಯಪುರ ಜಿಲ್ಲೆಯ ಗುಣದಾಳವೂ ಅಂದು ಅದೇ ಸಂಸ್ಥಾನಕ್ಕೆ ಸೇರಿತ್ತು. ಆ ಪ್ರಯೋಗವೇ 1957ರಲ್ಲಿ ವಿ. ಶಾಂತಾರಾಮರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆಯಾಯಿತು. ಇಂಥ ಪ್ರಯೋಗಗಳು ಮಾನವೀಯತೆಯ ದೃಷ್ಟಿಯಿಂದ ಶ್ಲಾಘ್ಯವೆಂಬುದು ನಿರ್ವಿವಾದ. ಆದರೆ ಬಯಲು ಬಂದೀಖಾನೆಗೆ ಕಳಿಸುವುದು ಸನ್ನಡತೆಯವರನ್ನೇ ಆರಿಸಿ. ಅವರು ಮತ್ತೆ ತಪ್ಪು ಮಾಡದಿದ್ದರೆ ಅದು ಬಯಲಿನ ಗುಣವೋ, ಆರಿಸಿದ ಮನುಷ್ಯನ ಗುಣವೋ ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ.

ಎರಡನೆಯ ತೊಡಕು, ಅಳತೆಗೋಲಿನದು. ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಗೊಂಡವರ ಪೈಕಿ ನೂರಕ್ಕೆ 68 ಜನ ಮೂರು ವರ್ಷಗಳಲ್ಲಿ ಮತ್ತೆ ಬಂಧಿತರಾದರು. ನಾರ್ವೆಯಲ್ಲಿ ಎರಡು ವರ್ಷಗಳಲ್ಲಿ ನೂರಕ್ಕೆ ಸುಮಾರು 20 ಜನ ಮತ್ತೆ ಶಿಕ್ಷೆಗೊಳಗಾದರು. ಈ ಎರಡು ಅಂಕೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ರೂಢಿಯಾಗಿದೆ. ಆದರೆ ಒಂದು ಬಂಧನದ ಲೆಕ್ಕ, ಇನ್ನೊಂದು ಶಿಕ್ಷೆಯ ಲೆಕ್ಕ. ಒಂದು ಮೂರು ವರ್ಷ, ಇನ್ನೊಂದು ಎರಡು ವರ್ಷ. ಸೇರಿನಿಂದ ಅಳೆದದ್ದನ್ನು ತಕ್ಕಡಿಯಲ್ಲಿ ತೂಗಿದ್ದಕ್ಕೆ ಹೋಲಿಸಿದಂತಾಯಿತು. ನಮ್ಮಲ್ಲಿಯೂ ಹಬ್ಬ ಹತ್ತಿರ ಬಂದರೆ ರೌಡಿ ಪಟ್ಟಿಯಲ್ಲಿದ್ದವರನ್ನು ಠಾಣೆಗೆ ಕರೆಸುವ ವಾಡಿಕೆಯುಂಟು. ಪಟ್ಟಿಯಲ್ಲಿ ಹೆಸರಿದ್ದವನ ಮೇಲೆ ಕಣ್ಣು ಹೆಚ್ಚು. ಕಣ್ಣು ಹೆಚ್ಚಿದ್ದಲ್ಲಿ ಬಂಧನ ಹೆಚ್ಚು. ಆದ್ದರಿಂದ ಬಂಧನದ ಸಂಖ್ಯೆಯೊಂದೇ ಅಪರಾಧದ ಪ್ರಮಾಣವಾಗಲಾರದು.

ಮೂರನೆಯದು, ಎಣಿಸಬೇಕಾದುದನ್ನು ಎಣಿಸದಿರುವುದು. ನಮ್ಮ ದೇಶದ ಸೆರೆಮನೆಗಳ ವಾರ್ಷಿಕ ವರದಿಯಲ್ಲಿ ಎಷ್ಟು ಜನರಿಗೆ ತರಬೇತಿ ಕೊಡಲಾಯಿತು, ಬಿಡುಗಡೆಯ ದಿನ ಎಷ್ಟು ಜನರಿಗೆ ಧನಸಹಾಯ ದೊರೆಯಿತು ಎಂಬ ವಿವರಗಳಿರುತ್ತವೆ. ಅದು ಕೊಟ್ಟದ್ದರ ಲೆಕ್ಕ. ಕೊಟ್ಟದ್ದರಿಂದ ಫಲಿಸಿದ್ದರ ಲೆಕ್ಕವಲ್ಲ. ಇದೇ ವರದಿಯ ಮತ್ತೊಂದು ಅಂಕೆಯನ್ನು ಕುಟುಂಬಸ್ಥರು ಗಮನಿಸಬೇಕು. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು; ಎಂದರೆ ನಾಲ್ವರಲ್ಲಿ ಮೂವರಿಗೆ ಇನ್ನೂ ಶಿಕ್ಷೆಯೇ ಆಗಿರಲಿಲ್ಲ. ಕಸುಬಿನ ತರಬೇತಿ, ಸನ್ನಡತೆಯ ಬಿಡುಗಡೆ ಎಲ್ಲವೂ ಬಹುಮಟ್ಟಿಗೆ ಶಿಕ್ಷೆಗೊಳಗಾದವರಿಗೆ. ಜಾಮೀನಿಗೆ ಜನ ಸಿಗದೆ ಆರು ತಿಂಗಳು ಒಳಗಿದ್ದು, ಒಂದು ಬಿತ್ತಿಗೆಯ ಹಂಗಾಮನ್ನೇ ಕಳೆದುಕೊಂಡು, ಸಾಲ ಹೊತ್ತು ಮನೆಗೆ ಮರಳಿದ ಒಕ್ಕಲಿಗನಿಗೆ ಯಾವ ಕಾರ್ಯಕ್ರಮವೂ ಇಲ್ಲ.

ಸದುದ್ದೇಶವೊಂದೇ ಸಾಲದು

ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಒಳ್ಳೆಯದನ್ನೇ ಮಾಡುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಪರೀಕ್ಷೆ ಬೇರೆ ಮಾತು ಹೇಳುತ್ತದೆ. ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ 1939ರಿಂದ 1945ರ ವರೆಗೆ, ದಾರಿ ತಪ್ಪಬಹುದಾದ ಐದುನೂರಕ್ಕೂ ಹೆಚ್ಚು ಹುಡುಗರನ್ನು ಜೋಡಿ ಜೋಡಿಯಾಗಿ ಹೊಂದಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಹಿರಿಯರ ಮಾರ್ಗದರ್ಶನ, ಪಾಠ, ವೈದ್ಯೋಪಚಾರ, ಬೇಸಿಗೆಯ ಶಿಬಿರ ಎಲ್ಲವನ್ನೂ ಒದಗಿಸಿದರು. ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಮೂವತ್ತು ವರ್ಷಗಳ ನಂತರ ಜೋನ್ ಮೆಕಾರ್ಡ್ ಎಂಬ ವಿದುಷಿ ಆ ಇಬ್ಬಗೆಯವರನ್ನೂ ಹುಡುಕಿ ವಿಚಾರಿಸಿದರು. ನೆರವು ಪಡೆದವರಲ್ಲಿ ಬಹುಮಂದಿ, ‘ನಮಗೆ ಉಪಕಾರವಾಯಿತು’ ಎಂದೇ ಹೇಳಿದರು. ಆದರೆ 1978ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕುಡಿತ, ಅಕಾಲ ಮರಣ, ಪದೇ ಪದೇ ಅಪರಾಧ ಮುಂತಾದ ಹಲವು ವಿಷಯಗಳಲ್ಲಿ ನೆರವು ಪಡೆದವರೇ ಹಿಂದೆ ಬಿದ್ದಿದ್ದರು. ದಾರಿ ತಪ್ಪುವ ಹುಡುಗರನ್ನು ಶಿಬಿರದಲ್ಲಿ ಒಟ್ಟುಗೂಡಿಸಿದ್ದರಿಂದ ಒಬ್ಬರ ಚಾಳಿ ಇನ್ನೊಬ್ಬರಿಗೆ ಅಂಟಿರಬಹುದೆಂದು ಮುಂದಿನ ವಿಶ್ಲೇಷಣೆಗಳು ಸೂಚಿಸಿದವು. ಸಹವಾಸದೋಷ ಎಂದು ನಮ್ಮ ಹಿರಿಯರು ಕರೆಯುವುದು ಇದನ್ನೇ.

ಎಳೆಯರನ್ನು ಸೆರೆಮನೆಯೊಳಗೆ ಕರೆದೊಯ್ದು, ಘೋರ ಶಿಕ್ಷೆಯ ಬಂದಿಗಳಿಂದ ಗದರಿಸಿ ಹೆದರಿಸುವ ಕಾರ್ಯಕ್ರಮವೂ 1970ರ ದಶಕದಲ್ಲಿ ಆ ದೇಶದಲ್ಲಿ ಬಹು ಜನಪ್ರಿಯವಾಯಿತು. ಅದರ ಮೇಲೆ ತೆಗೆದ ಚಿತ್ರಕ್ಕೆ ದೊಡ್ಡ ಪ್ರಶಸ್ತಿಯೂ ಬಂತು. ಮುಂದೆ ಒಂಬತ್ತು ನಿಷ್ಪಕ್ಷಪಾತ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆದರಿಸಿದ ಹುಡುಗರೇ ಹೆದರಿಸದವರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು. ಭಯವೇ ಮದ್ದೆಂದು ಮಕ್ಕಳಿಗೆ ಠಾಣೆಯನ್ನು ತೋರಿಸಲು ಹೊರಡುವ ತಂದೆತಾಯಿಗಳು ಈ ಮಾತನ್ನು ನೆನಪಿಡುವುದು ಒಳಿತು.

ಯಾವುದು ನಿಲ್ಲಿಸುತ್ತದೆ?

ಹಾಗೆಂದು ನಿರಾಶೆಗೆ ಕಾರಣವಿಲ್ಲ. 1974ರಲ್ಲಿ ರಾಬರ್ಟ್ ಮಾರ್ಟಿನ್ಸನ್ ಎಂಬ ಸಮಾಜವಿಜ್ಞಾನಿ ಸುಧಾರಣೆಯ ಕಾರ್ಯಗಳನ್ನೆಲ್ಲ ಪರಿಶೀಲಿಸಿ, ಯಾವುದೂ ಫಲ ಕೊಡುವುದಿಲ್ಲವೆಂಬ ಅರ್ಥ ಬರುವಂತೆ ಬರೆದರು. ಐದು ವರ್ಷಗಳಲ್ಲಿ, 1979ರಲ್ಲಿ, ಅವರೇ ಆ ಮಾತನ್ನು ಹಿಂತೆಗೆದುಕೊಂಡು, ಕೆಲವು ಕಾರ್ಯಗಳು ಫಲ ಕೊಡುತ್ತವೆ, ಕೆಲವು ಕೇಡು ಮಾಡುತ್ತವೆ, ಎಲ್ಲಿ ಯಾರಿಗೆ ಎಂಬುದೇ ಮುಖ್ಯವೆಂದು ಒಪ್ಪಿದರು. ಅಂದಿನಿಂದ ತಿಳಿವಳಿಕೆ ಬಹಳ ಮುಂದುವರಿದಿದೆ.

ಸೆರೆಯೊಳಗಿನ ಶಿಕ್ಷಣವನ್ನು ಕುರಿತ ಅಧ್ಯಯನಗಳನ್ನೆಲ್ಲ ರ‍್ಯಾಂಡ್ ಸಂಸ್ಥೆ 2013ರಲ್ಲಿ ಒಟ್ಟುಗೂಡಿಸಿತು. ಓದಿನಲ್ಲಿ ತೊಡಗಿದವರಲ್ಲಿ, ತೊಡಗದವರಿಗಿಂತ ನೂರಕ್ಕೆ ಸುಮಾರು 13 ಜನ ಕಡಿಮೆ ಸೆರೆಗೆ ಮರಳಿದ್ದರು. ಉದ್ಯೋಗದ ವಿಷಯದಲ್ಲಿ ಫಲಿತಾಂಶ ಮಿಶ್ರವಾಗಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ, ಬರಿಯ ಕೆಲಸ ಕೊಟ್ಟಿದ್ದರಿಂದ 27 ವಯಸ್ಸು ದಾಟಿದವರು ನೆಲೆಗೊಂಡರು, ಹರೆಯದವರು ಬದಲಾಗಲಿಲ್ಲ. ಸಂಸಾರದ ಹೊಣೆ ಬಂದವನಿಗೆ ಕೆಲಸವೇ ಕಡಿವಾಣ. ಬಿಸಿರಕ್ತದವನಿಗೆ ಕೆಲಸದ ಜೊತೆಗೆ ಮತ್ತೇನೋ ಬೇಕು.

ಆ ‘ಮತ್ತೇನೋ’ ಏನೆಂಬುದಕ್ಕೆ ಉತ್ತರ ಸಿಕ್ಕಿದ್ದು ಆಫ್ರಿಕಾದ ಬಡದೇಶವಾದ ಲೈಬೀರಿಯಾದಲ್ಲಿ. ರಾಜಧಾನಿ ಮನ್ರೋವಿಯಾದಲ್ಲಿ ಕಳವು, ಹೊಡೆದಾಟಗಳಲ್ಲಿ ತೊಡಗಿದ್ದ 999 ಯುವಕರನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ವಾರ, ಸಿಟ್ಟು ತಡೆಯುವ, ಮುಂದಾಲೋಚನೆ ಮಾಡುವ, ತನ್ನನ್ನು ತಾನು ಬೇರೆ ಮನುಷ್ಯನೆಂದು ಕಾಣುವ ಅಭ್ಯಾಸ ಕಲಿಸಿದರು. ಇನ್ನೊಂದಕ್ಕೆ 200 ಡಾಲರ್ ಹಣ ಕೊಟ್ಟರು. ಮೂರನೆಯದಕ್ಕೆ ಎರಡನ್ನೂ ಕೊಟ್ಟರು. ನಾಲ್ಕನೆಯದಕ್ಕೆ ಏನೂ ಕೊಡಲಿಲ್ಲ. ಹಣವೊಂದೇ ಪಡೆದವರಲ್ಲಿ ಬದಲಾವಣೆ ನಿಲ್ಲಲಿಲ್ಲ. ಬೋಧನೆಯೊಂದೇ ಪಡೆದವರಲ್ಲಿ ಫಲ ಬರಬರುತ್ತ ಕುಂದಿತು. ಎರಡನ್ನೂ ಪಡೆದವರಲ್ಲಿ ಮಾತ್ರ, ಹತ್ತು ವರ್ಷಗಳ ನಂತರವೂ, ಕಳವು ಮುಂತಾದ ಕೃತ್ಯಗಳು ಏನೂ ಪಡೆಯದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆಯಾಗಿದ್ದವು.

ಉರಿಲಿಂಗಪೆದ್ದಿಗಳ ಕಥನವನ್ನು ಇಲ್ಲಿ ಮತ್ತೆ ನೆನೆಯಬೇಕು. ಉಪದೇಶವೊಂದೇ ಕಾಯಕವಿಲ್ಲದೆ ಒಣಗುತ್ತದೆ. ಹಣವೊಂದೇ ಅರಿವಿಲ್ಲದೆ ಕರಗುತ್ತದೆ. ಅರಿವೂ ಕಾಯಕವೂ ಕೂಡಿದಲ್ಲಿ ಮನುಷ್ಯ ನಿಲ್ಲುತ್ತಾನೆ. ಇದು ಭಕ್ತಿಯ ಮಾತಷ್ಟೇ ಅಲ್ಲ, ಪಕ್ಕದಲ್ಲಿ ಹಳೆಯ ಬೀಜದ ಸಾಲನ್ನಿಟ್ಟು ಪರೀಕ್ಷಿಸಿದ ಮಾತು. ನಮ್ಮ ಮಠಗಳ ಪ್ರವಚನ ಸೆರೆಮನೆಯ ಒಳಗೇ ಮುಗಿದುಹೋದರೆ ಅರ್ಧ ಕಾರ್ಯವಷ್ಟೇ ಆಯಿತು. ಮೈಸೂರು ಸೆರೆಮನೆಯ ಬಂದಿಗಳಿಂದ ‘ಮಾರನಾಯಕ’ದಂಥ ನಾಟಕಗಳನ್ನು ಆಡಿಸಿದ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರ ಸಾಧನೆ ಕಲೆಯಾಗಿ ಎಂದೂ ಬೆಲೆಯುಳ್ಳದ್ದು. ಆದರೆ ರಂಗದ ಮೇಲೆ ಮನುಷ್ಯನಾದವನಿಗೆ ಊರಿನಲ್ಲಿಯೂ ಒಂದು ಪಾತ್ರ ಬೇಕಲ್ಲವೇ?

ಮೂರನೆಯ ಅಂಶ: ಸ್ವೀಕಾರ

ಸೆರೆ ಕಂಡವನಿಗೆ ಬಾಗಿಲು ಹೇಗೆ ಮುಚ್ಚುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. ಅಮೆರಿಕದ ಮಿಲ್ವಾಕೀ ನಗರದಲ್ಲಿ ಡೇವಾ ಪೇಜರ್ ಎಂಬವರು ಒಂದೇ ಯೋಗ್ಯತೆಯ ಯುವಕರನ್ನು ಕೆಲಸ ಕೇಳಲು ಕಳಿಸಿದರು. ಸೆರೆ ಕಂಡೆನೆಂದು ಹೇಳದ ಬಿಳಿಯರನ್ನು ನೂರಕ್ಕೆ 34 ಕಡೆ ಮತ್ತೆ ಕರೆದರು. ಕಂಡೆನೆಂದು ಹೇಳಿದವರನ್ನು 17 ಕಡೆ ಮಾತ್ರ. ಕರಿಯರಲ್ಲಿ 14 ಇದ್ದುದು 5ಕ್ಕೆ ಇಳಿಯಿತು. ನಮ್ಮಲ್ಲಿ ಅರ್ಜಿಯಲ್ಲಿ ಬರೆಯಬೇಕಾಗಿಯೂ ಇಲ್ಲ, ಊರಿಗೆಲ್ಲ ಗೊತ್ತಿರುತ್ತದೆ. ಕೆಲಸದವನಿಗಿಂತ ಮೊದಲು ಅವನ ತಂಗಿಗೆ ಬಾಗಿಲು ಮುಚ್ಚುತ್ತದೆ. ‘ಆ ಮನೆಯ ಹೆಣ್ಣು ಬೇಡ’ ಎಂಬ ಮಾತು ಸಂಬಂಧ ನೋಡುವ ಜಗಲಿಯ ಮೇಲೆಯೇ ತೀರ್ಮಾನವಾಗುತ್ತದೆ. ತಪ್ಪು ಮಾಡದವರಿಗೆ ಕೊಡುವ ಈ ಶಿಕ್ಷೆಗೆ ಅವಧಿಯೂ ಇಲ್ಲ, ಸನ್ನಡತೆಯ ರಿಯಾಯಿತಿಯೂ ಇಲ್ಲ.

ಸ್ವೀಕರಿಸುವ ಶಕ್ತಿ ನಮ್ಮ ಜನರಲ್ಲಿ ಇಲ್ಲವೆಂದಲ್ಲ. 1980ರ ಜುಲೈ ತಿಂಗಳಿನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರಗಳ ವಿರುದ್ಧ ನರಗುಂದದಲ್ಲಿ ರೈತರು ಬಂಡೆದ್ದರು. ಅಂದು ಸೆರೆಗೆ ಹೋಗಿ ಬಂದ ಒಕ್ಕಲಿಗನನ್ನು ಯಾರೂ ಹೊರಗಿಡಲಿಲ್ಲ. ಮನೆಗೆ ಕರೆದರು, ಪಂಕ್ತಿಯಲ್ಲಿ ಕೂಡಿಸಿದರು. ಕಾರಣ ಬೇರೆಯಿರಬಹುದು. ಹೋರಾಟಕ್ಕೂ ಅಪರಾಧಕ್ಕೂ ಅಂತರವಿದೆ ಎಂಬುದೂ ನಿಜ. ಆದರೆ ಸೆರೆಮನೆಯ ಮಣ್ಣು ಮೆಟ್ಟಿದವನನ್ನು ಮರಳಿ ಮನುಷ್ಯನೆಂದು ಕಾಣಲು ನಮ್ಮ ಊರುಗಳಿಗೆ ಬರುತ್ತದೆ ಎಂಬುದು ಅದರಿಂದ ಸಿದ್ಧವಾಯಿತು.

ಕುಟುಂಬದವರ ಭೇಟಿಯೂ ಸಣ್ಣ ಸಂಗತಿಯಲ್ಲ. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ 16,420 ಬಂದಿಗಳನ್ನು ಅಭ್ಯಸಿಸಿ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಸೆರೆಯಲ್ಲಿದ್ದಾಗ ಭೇಟಿ ಪಡೆದವರಲ್ಲಿ ಮತ್ತೆ ಗಂಭೀರ ಅಪರಾಧಕ್ಕೆ ಶಿಕ್ಷೆಗೊಳಗಾಗುವ ಅಪಾಯ ನೂರಕ್ಕೆ 13ರಷ್ಟು ಕಡಿಮೆಯಿತ್ತು. ಮೊದಲೇ ಗಟ್ಟಿಯಾದ ಸಂಬಂಧವಿದ್ದವರಿಗೇ ಭೇಟಿ ಹೆಚ್ಚಿರಬಹುದಾದ್ದರಿಂದ ಈ ಅಂಕೆಯನ್ನು ಎಚ್ಚರದಿಂದ ಓದಬೇಕು. ಆದರೂ ಗಜೇಂದ್ರಗಡದ ತಾಯಿಯೊಬ್ಬಳು ಒಂದು ದಿನದ ಕೂಲಿ ಬಿಟ್ಟು ಬೆಳಗಾವಿಯ ಹಿಂಡಲಗಾ ಸೆರೆಮನೆಗೆ ಹೋಗಿ ಮಗನನ್ನು ನೋಡಿ ಬರುವುದು ವ್ಯರ್ಥದ ಶ್ರಮವಲ್ಲ ಎಂದು ಧೈರ್ಯವಾಗಿ ಹೇಳಬಹುದು.

ನೊಂದವರ ಪ್ರಶ್ನೆ

‘ಅಪರಾಧಿಯ ಬಗ್ಗೆ ಇಷ್ಟು ಮಾತು, ಪೆಟ್ಟು ತಿಂದವರ ಗತಿಯೇನು?’ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೊಂದವರ ಪರವಾಗಿ ಕ್ಷಮಿಸುವ ಅಧಿಕಾರ ಮಠಕ್ಕೂ ಇಲ್ಲ, ಸಂಘಕ್ಕೂ ಇಲ್ಲ, ಈ ಅಂಕಣಕ್ಕೂ ಇಲ್ಲ. ಬಂದಿಗಳಿಗೆ ನ್ಯಾಯವಾದ ಕೂಲಿ ಕೊಡಬೇಕು, ಆ ಕೂಲಿಯಲ್ಲಿ ಒಂದು ಭಾಗ ನೊಂದವರ ಪರಿಹಾರಕ್ಕೆ ಸಲ್ಲಬೇಕು ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 1998ರಲ್ಲಿಯೇ ಎತ್ತಿಹಿಡಿಯಿತು. ಅಲ್ಲದೆ, ಮರಳಿ ಅಪರಾಧ ನಡೆಯದಂತೆ ನೋಡಿಕೊಳ್ಳುವುದು ಅಪರಾಧಿಗೆ ತೋರುವ ದಯೆ ಮಾತ್ರವಲ್ಲ. ಮುಂದೆ ನೋಯಬಹುದಾಗಿದ್ದ ಇನ್ನೊಂದು ಮನೆಯ ರಕ್ಷಣೆಯೂ ಹೌದು.

ನಮ್ಮ ಸೀಮೆಯಲ್ಲಿ ಏನು ಮಾಡಬಹುದು?

ಈ ಮೂರು ತಾಲೂಕುಗಳ ಸಂಘಸಂಸ್ಥೆಗಳು ಕೈಗೊಳ್ಳಬಹುದಾದ ಕಾರ್ಯ ದೊಡ್ಡದೇನೂ ಅಲ್ಲ. ಮೊದಲನೆಯದಾಗಿ, ಎಳೆಯರು ಮೊದಲ ಸಲ ತಪ್ಪಿದಾಗ ಸೆರೆಯನ್ನೇ ತಪ್ಪಿಸಲು ಕಾನೂನಿನಲ್ಲಿ ದಾರಿಯಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಪ್ರಕಾರ 21 ವರ್ಷದೊಳಗಿನವರ ವಿಷಯದಲ್ಲಿ, ಜೀವಾವಧಿ ಶಿಕ್ಷೆಯಂಥ ಘೋರ ಪ್ರಕರಣಗಳನ್ನು ಬಿಟ್ಟರೆ, ನ್ಯಾಯಾಲಯವು ಸೆರೆಗೆ ಕಳಿಸುವ ಬದಲು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದೇ ಎಂದು ಮೊದಲು ವಿಚಾರಿಸಬೇಕು. ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆಯೂ ತಟ್ಟದು. ಅವನಿಗೆ ಜಾಮೀನಾಗಿ ನಿಲ್ಲುವ ಹಿರಿಯರು ಬೇಕು. ಸೆರೆಯಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ ಎಂಬುದನ್ನು ಬಡ ಮನೆತನಗಳಿಗೆ ತಿಳಿಸಬೇಕು.

ಎರಡನೆಯದಾಗಿ, ಕಲಿತ ಕಸುಬಿಗೂ ಊರಿನ ಕೆಲಸಕ್ಕೂ ಹೊಂದಿಕೆಯಾಗಬೇಕು. ಸೆರೆಯಲ್ಲಿ ನೇಯ್ಗೆ ಕಲಿತು ಬಂದವನಿಗೆ ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದಲ್ಲಿ ಮಗ್ಗವಿದೆ. ಬಡಿಗತನ ಕಲಿತವನಿಗೆ ಒಂದು ಅಂಗಡಿ, ಒಬ್ಬ ಧನಿ ಬೇಕು. ನಮ್ಮ ವ್ಯಾಪಾರಸ್ಥ ಬಂಧುಗಳಲ್ಲಿ ಹತ್ತು ಜನ ಒಬ್ಬೊಬ್ಬರಿಗೆ ಕೆಲಸ ಕೊಟ್ಟು, ಮಠದ ಹಿರಿಯರೊಬ್ಬರು ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂಡಿಸಿ ಮಾತನಾಡಿಸಿದರೆ ಅರಿವೂ ಕಾಯಕವೂ ಕೂಡಿದಂತಾಯಿತು. ಎಲ್ಲರನ್ನೂ ಒಂದೇ ಕಡೆ ಗುಂಪುಗೂಡಿಸುವುದು ಬೇಡ. ಸಹವಾಸದೋಷದ ಪಾಠವನ್ನು ಮರೆಯಬಾರದು.

ಮೂರನೆಯದಾಗಿ, ಲೆಕ್ಕ ಇಡಬೇಕು. ಯಾರಿಗೆ ನೆರವು ಮುಟ್ಟಿತು, ಅದೇ ವರ್ಷ ಬಿಡುಗಡೆಗೊಂಡು ನೆರವು ಮುಟ್ಟದೆ ಉಳಿದ ಅಂಥವರೇ ಯಾರು, ಮೂರು ವರ್ಷಗಳ ನಂತರ ಇಬ್ಬಗೆಯವರೂ ಹೇಗಿದ್ದಾರೆ ಎಂಬುದನ್ನು ನೋಡಬೇಕು. ಬಂಧನವಾಯಿತೇ ಎಂಬುದಷ್ಟನ್ನೇ ಅಲ್ಲ. ಎಷ್ಟು ತಿಂಗಳು ಕೆಲಸ ಸಿಕ್ಕಿತು, ಮನೆಯಲ್ಲಿದ್ದಾನೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಕುಡಿತ ಬಿಟ್ಟಿದೆಯೇ ಎಂಬುದನ್ನೂ ನೋಡಬೇಕು. ಹತ್ತು ಜನರ ಲೆಕ್ಕದಿಂದ ದೊಡ್ಡ ತೀರ್ಮಾನ ಬರುವುದಿಲ್ಲ ನಿಜ. ಹಲವು ಊರುಗಳ, ಹಲವು ವರ್ಷಗಳ ಲೆಕ್ಕ ಕೂಡಿದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ. ಫಲ ಬಾರದಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಭಕ್ತರ ಕಾಣಿಕೆ ದಾಸೋಹಕ್ಕೆ ಸಲ್ಲಬೇಕಾದದ್ದು. ಅದು ಎಲ್ಲಿ ಸಲ್ಲಿತು ಎಂದು ಕೇಳುವುದು ಅವಿಶ್ವಾಸವಲ್ಲ, ಭಕ್ತಿಯ ಒಂದು ಅಂಗವೇ ಆಗಿದೆ.

ಒಂದು ಎಚ್ಚರಿಕೆ ಮಾತ್ರ ಅತ್ಯಗತ್ಯ. ನಾವು ಇಡುವ ಪುಸ್ತಕ ಬೆಟಗೇರಿಯ ಸೆಟ್ಲಮೆಂಟಿನ ಹಾಜರಿ ಪುಸ್ತಕವಾಗಬಾರದು. ಆ ಪುಸ್ತಕ ಮನುಷ್ಯನು ತಪ್ಪುವುದನ್ನು ಕಾಯುತ್ತ ಕುಳಿತಿತ್ತು. ನಮ್ಮದು, ಅವನಿಗೆ ಸಲ್ಲಬೇಕಾದುದನ್ನು ನಾವು ಸಲ್ಲಿಸಿದೆವೋ ಇಲ್ಲವೋ ಎಂದು ನಮ್ಮನ್ನೇ ವಿಚಾರಿಸುವ ಪುಸ್ತಕವಾಗಬೇಕು. ಅದರಲ್ಲಿ ಅವನ ಹೆಸರಿನ ಎದುರಿಗೆ ಮೂರು ವರ್ಷಗಳ ನಂತರ ‘ಕೆಲಸದಲ್ಲಿದ್ದಾನೆ, ಮನೆಯಲ್ಲಿದ್ದಾನೆ’ ಎಂದು ಬರೆಯುವ ದಿನ ಬಂದರೆ, ಬಿಡುಗಡೆಯ ದಿನದ ಸಿಹಿಗಿಂತ ಅದು ಹೆಚ್ಚು ಸವಿಯಾದದ್ದು.